ಕಡಲಿರುವ ಕಡೆಯೆಲ್ಲ ಪಡುವಣವಲ್ಲ: ದಿಕ್ಕು, ಡಿಗ್ರಿ ಮತ್ತು ದಿಕ್ಸೂಚಿಯ ಸಮಗ್ರ ಮಾರ್ಗದರ್ಶಿ

ಉತ್ತರ ಕನ್ನಡದ ಕರಾವಳಿಯಲ್ಲಿ ಯಾರನ್ನಾದರೂ ಪಶ್ಚಿಮ ಯಾವುದೆಂದು ಕೇಳಿ, ಯೋಚಿಸದೆ ಕಡಲಿನ ಕಡೆ ಕೈ ತೋರಿಸುತ್ತಾರೆ. ಪೂರ್ವವೆಂದರೆ ಘಟ್ಟ. ಹುಟ್ಟಿನಿಂದ ಬಂದ ಈ ಎರಡು ಗುರುತುಗಳು ಬಯಲುಸೀಮೆಯವರಿಗೆ ಇಲ್ಲದ ಭಾಗ್ಯ. ನಾನೂ ಇವುಗಳನ್ನೇ ನಂಬಿ ಬೆಳೆದವನು.

ಆದರೆ ಒಮ್ಮೆ ನಕಾಶೆ ಹರವಿ ಕಾರವಾರದಿಂದ ಭಟ್ಕಳಕ್ಕೆ ಒಂದು ಗೆರೆ ಎಳೆದು ನೋಡಿ. ಅದು ನೇರ ದಕ್ಷಿಣಕ್ಕೆ ಇಳಿಯುವುದಿಲ್ಲ. ಸುಮಾರು 27 ಡಿಗ್ರಿ ಪೂರ್ವಕ್ಕೆ ವಾಲುತ್ತದೆ. ನಮ್ಮ ಜಿಲ್ಲೆಯ ಕರಾವಳಿ ಉತ್ತರ ದಕ್ಷಿಣವಾಗಿ ನಿಂತಿಲ್ಲ, ವಾಯವ್ಯದ ಕಡೆಗೆ ತಲೆ, ಆಗ್ನೇಯದ ಕಡೆಗೆ ಕಾಲು ಚಾಚಿ ಓರೆಯಾಗಿ ಮಲಗಿದೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಹಳೆಯ ರೂಢಿ ನಡೆಯುತ್ತದೆ, ಏಕೆಂದರೆ ಅಲ್ಲಿಯ ಕೊಲ್ಲಿ ಪಶ್ಚಿಮಕ್ಕೇ ತೆರೆದಿದೆ. ಗೋಕರ್ಣದ ಓಂ ಕಡಲತೀರಕ್ಕೆ ಹೋದರೆ ನೀರು ಕಾಣುವುದು ನೈಋತ್ಯಕ್ಕೆ. ಅಲ್ಲಿ ಕಡಲನ್ನೇ ಪಶ್ಚಿಮವೆಂದು ಹಿಡಿದು ಗುಡ್ಡದೊಳಗೆ ಐದು ಕಿಲೋಮೀಟರ್ ನಡೆದವನು, ತಪ್ಪು 27 ಡಿಗ್ರಿಯಷ್ಟೇ ಇದ್ದರೂ, ಸೇರಬೇಕಾದ ಊರಿನಿಂದ ಎರಡು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿ ಹೊರಬೀಳುತ್ತಾನೆ.

ಹಾಗೆಂದು ಕಡಲು ಮತ್ತು ಘಟ್ಟದ ಗುರುತನ್ನು ಬಿಡಬೇಕಾಗಿಲ್ಲ. ಅದರ ಮೇಲೆ ಡಿಗ್ರಿಯ ಲೆಕ್ಕವನ್ನು ಕೂರಿಸಬೇಕು. ಅದಕ್ಕೆ ಬೇಕಾದದ್ದು ಒಂದು ಸಾದಾ ದಿಕ್ಸೂಚಿ, ಒಂದು ಕೋಲು ಮತ್ತು ಬಿಡುವಿರುವ ಕೆಲವು ದಿನಗಳು.

ಹೆಸರಿನಿಂದ ಅಂಕಿಗೆ

ಎಂಟು ದಿಕ್ಕುಗಳ ಹೆಸರು ಎಲ್ಲರಿಗೂ ಬಾಯಿಪಾಠ: ಪೂರ್ವ, ಆಗ್ನೇಯ, ದಕ್ಷಿಣ, ನೈಋತ್ಯ, ಪಶ್ಚಿಮ, ವಾಯವ್ಯ, ಉತ್ತರ, ಈಶಾನ್ಯ. ಮೂಡಣ, ತೆಂಕಣ, ಪಡುವಣ, ಬಡಗಣ ಎಂಬ ಅಚ್ಚಗನ್ನಡದ ಹೆಸರುಗಳೂ ನಮ್ಮಲ್ಲಿ ಬದುಕಿವೆ. ಯಕ್ಷಗಾನದ ಬಡಗುತಿಟ್ಟು, ತೆಂಕುತಿಟ್ಟು ಎನ್ನುವಾಗ ನಾವು ದಿಕ್ಕನ್ನೇ ಹೇಳುತ್ತಿರುತ್ತೇವೆ. ಆದರೆ ಎಂಟು ಹೆಸರುಗಳಲ್ಲಿ ಒಂದೊಂದರ ಪಾಲಿಗೆ 45 ಡಿಗ್ರಿಯ ಅಗಲ ಬರುತ್ತದೆ. ಕಾಡಿನಲ್ಲಿ, ಕಡಲಿನಲ್ಲಿ ಅಷ್ಟು ಸಡಿಲು ಸಾಲದು.

ಆದ್ದರಿಂದ ಉತ್ತರವನ್ನು ಸೊನ್ನೆ ಎಂದಿಟ್ಟುಕೊಂಡು, ಗಡಿಯಾರದ ಮುಳ್ಳು ತಿರುಗುವ ಕಡೆಗೇ 360 ಡಿಗ್ರಿಯವರೆಗೆ ಎಣಿಸುತ್ತಾರೆ. ಪೂರ್ವ 90, ದಕ್ಷಿಣ 180, ಪಶ್ಚಿಮ 270. ಈಶಾನ್ಯ 45, ಆಗ್ನೇಯ 135, ನೈಋತ್ಯ 225, ವಾಯವ್ಯ 315. ಹೀಗೆ ಅಂಕಿಯಲ್ಲಿ ಹೇಳಿದ ದಿಕ್ಕಿಗೆ ಬೇರಿಂಗ್ ಎನ್ನುತ್ತಾರೆ. ಇಲ್ಲಿ ನಾನು ದಿಗಂಶ ಎಂಬ ಕನ್ನಡದ ಪದವನ್ನು ಬಳಸುತ್ತೇನೆ. ಮೂರು ಅಂಕಿಗಳಲ್ಲಿ ಬರೆಯುವುದು ಒಳ್ಳೆಯ ರೂಢಿ: 65ನ್ನು 065 ಎಂದು ಬರೆದರೆ ಒಂದು ಅಂಕಿ ಅಳಿಸಿಹೋಗಿದೆಯೋ ಎಂಬ ಅನುಮಾನಕ್ಕೆ ಎಡೆಯಿರುವುದಿಲ್ಲ.

ಈಗ ನಮ್ಮ ಊರುಗಳನ್ನು ಈ ಅಂಕಿಗಳಲ್ಲಿ ಹೇಳಿನೋಡಿ. ಕಾರವಾರದಿಂದ ಭಟ್ಕಳದ ದಿಗಂಶ ಸುಮಾರು 153. ಕಾರವಾರದಿಂದ ಶಿರಸಿಗೆ ಸುಮಾರು 105, ಅಂದರೆ ಪೂರ್ವಕ್ಕಿಂತ ತುಸು ದಕ್ಷಿಣಕ್ಕೆ. ಕುಮಟಾದಿಂದ ಶಿರಸಿಗೆ ಸುಮಾರು 065. ದೇವಿಮನೆ ಘಟ್ಟದ ತಿರುವುಗಳಲ್ಲಿ ಬಸ್ಸು ಎಲ್ಲ ದಿಕ್ಕಿಗೂ ಮೂತಿ ತಿರುಗಿಸುತ್ತದೆ, ಆದರೆ ಎರಡು ಊರುಗಳ ನಡುವಿನ ದಿಗಂಶ ಬದಲಾಗುವುದಿಲ್ಲ. ರಸ್ತೆ ಹೋಗುವ ದಿಕ್ಕು ಬೇರೆ, ಊರು ಇರುವ ದಿಕ್ಕು ಬೇರೆ. ದಾರಿ ತಪ್ಪುವವರಲ್ಲಿ ಅರ್ಧ ಜನ ಇವೆರಡನ್ನು ಬೆರೆಸಿಕೊಂಡವರು ಎಂಬುದು ನನ್ನ ಅನುಭವ.

ಗಾಳಿಯ ವಿಷಯದಲ್ಲಿ ಎಚ್ಚರ ಬೇಕು. ಗಾಳಿಗೆ ಅದು ಎಲ್ಲಿಂದ ಬರುತ್ತದೆಯೋ ಆ ದಿಕ್ಕಿನ ಹೆಸರು. ನೈಋತ್ಯ ಮುಂಗಾರು 225ರ ಕಡೆಯಿಂದ ಬಂದು 045ರ ಕಡೆಗೆ ಬೀಸುತ್ತದೆ. ನೀರಿನ ಸೆಳೆತಕ್ಕಾದರೋ ಅದು ಹೋಗುವ ದಿಕ್ಕಿನ ಹೆಸರು.

ಮೊದಲು ಬಿಸಿಲಿನಿಂದ ಕಲಿಯಿರಿ

ದಿಕ್ಸೂಚಿ ಕೊಳ್ಳುವ ಮೊದಲು ಬಿಸಿಲಿನಲ್ಲಿ ಒಂದು ದಿನ ಕಳೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸೂಜಿ ತೋರಿಸಿದ್ದನ್ನು ನಂಬುವುದು ಸುಲಭ. ಅದು ತಪ್ಪು ತೋರಿಸಿದಾಗ ಹಿಡಿಯಬೇಕಾದರೆ ಸೂರ್ಯನ ನಡೆ ಗೊತ್ತಿರಬೇಕು.

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬ ಮಾತು ವರ್ಷದಲ್ಲಿ ಎರಡು ದಿನ ಮಾತ್ರ ಪೂರ್ತಿ ನಿಜ: ಮಾರ್ಚ್ 20ರ ಹೊತ್ತಿಗೆ ಮತ್ತು ಸೆಪ್ಟೆಂಬರ್ 22ರ ಹೊತ್ತಿಗೆ. ಕಾರವಾರದ ಅಕ್ಷಾಂಶ ಸುಮಾರು 14.8 ಡಿಗ್ರಿ. ಇಲ್ಲಿ ಜೂನ್ 21ರಂದು ಸೂರ್ಯ ಹುಟ್ಟುವುದು ಸುಮಾರು 066ರಲ್ಲಿ, ಮುಳುಗುವುದು 294ರಲ್ಲಿ. ಡಿಸೆಂಬರ್ 21ರ ಹೊತ್ತಿಗೆ ಹುಟ್ಟು 114ಕ್ಕೆ, ಮುಳುಗು 246ಕ್ಕೆ ಜಾರಿರುತ್ತದೆ. ಒಂದೇ ಜಗಲಿಯಲ್ಲಿ ಕುಳಿತು ನೋಡಿದರೂ ಆರು ತಿಂಗಳಲ್ಲಿ ಮುಳುಗುವ ಜಾಗ 48 ಡಿಗ್ರಿ ಸರಿಯುತ್ತದೆ. ನಮ್ಮ ಕರಾವಳಿಯ ಗೆರೆಗೆ ನೇರ ಎದುರಿನ ದಿಕ್ಕು ಸುಮಾರು 243. ಆದ್ದರಿಂದ ಡಿಸೆಂಬರಿನ ಸೂರ್ಯ ಕಡಲಿನ ನಟ್ಟನಡುವೆ ಇಳಿದಂತೆ ಕಾಣುತ್ತಾನೆ. ಬೇಸಗೆಯಲ್ಲಿ ಅವನು ಬಲಕ್ಕೆ, ಗೋವೆಯ ಕಡೆಗೆ, ಸರಿದಿರುತ್ತಾನೆ.

ಕೋಲಿನ ವಿಧಾನ ಹೀಗೆ. ಒಂದು ಮೊಳ ಉದ್ದದ ನೇರ ಕೋಲನ್ನು ಸಮತಟ್ಟಾದ ಅಂಗಳದಲ್ಲಿ ನೆಟ್ಟಗೆ ಹುಗಿಯಿರಿ. ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಸಾಕು. ಬೆಳಗ್ಗೆ ಹತ್ತರ ಸುಮಾರಿಗೆ ನೆರಳಿನ ತುದಿಯನ್ನು ಮುಟ್ಟುವಂತೆ, ಕೋಲಿನ ಬುಡಕ್ಕೆ ಕಟ್ಟಿದ ದಾರದಿಂದ ಒಂದು ವೃತ್ತ ಎಳೆಯಿರಿ. ತುದಿ ಮುಟ್ಟಿದ ಜಾಗದಲ್ಲಿ ಒಂದು ಕಲ್ಲು ಇಡಿ. ನೆರಳು ಗಿಡ್ಡವಾಗುತ್ತ ವೃತ್ತದ ಒಳಗೆ ಸರಿಯುತ್ತದೆ, ಮಧ್ಯಾಹ್ನದ ಮೇಲೆ ಮತ್ತೆ ಉದ್ದವಾಗುತ್ತದೆ. ಅದು ಪುನಃ ವೃತ್ತವನ್ನು ಮುಟ್ಟುವ ಕ್ಷಣಕ್ಕೆ ಕಾಯಬೇಕು. ಮುಟ್ಟಿದ ಕೂಡಲೇ ಎರಡನೆಯ ಕಲ್ಲು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ಎರಡನ್ನೂ ಕೂಡಿಸುವ ಗೆರೆಗೆ ಲಂಬವಾಗಿ ಎಳೆದದ್ದು ಉತ್ತರ ದಕ್ಷಿಣ. ಶಂಕುಸ್ಥಾಪನೆ ಎಂಬ ಪದದಲ್ಲಿರುವ ಶಂಕು ಇಂಥದೇ ಗೂಟ. ನಮ್ಮ ಹಿರಿಯರು ಕಟ್ಟಡಕ್ಕೆ ದಿಕ್ಕು ಹಿಡಿಯುತ್ತಿದ್ದದ್ದು ಹೀಗೆಯೇ.

ಹದಿನೈದು ನಿಮಿಷದ ಅಂತರದಲ್ಲಿ ಎರಡು ಗುರುತು ಹಾಕಿ ಮುಗಿಸುವ ಅವಸರದ ವಿಧಾನವೂ ಇದೆ. ಅದು ನಡು ಮಧ್ಯಾಹ್ನದ ಆಸುಪಾಸಿನಲ್ಲಿ ಮಾತ್ರ ನಂಬಿಕೆಗೆ ಯೋಗ್ಯ. ಜೂನ್ ಅಥವಾ ಡಿಸೆಂಬರಿನಲ್ಲಿ ಬೆಳಗ್ಗೆ ಬೇಗ ಮಾಡಿದರೆ ಇಪ್ಪತ್ತು ಡಿಗ್ರಿಯಷ್ಟು ತಪ್ಪಬಹುದು.

ಇಲ್ಲಿ ನಮ್ಮೂರಿನ ಎರಡು ವಿಶೇಷಗಳನ್ನು ನೆನಪಿಡಲೇಬೇಕು. ಒಂದು, ನಮ್ಮ ನಡು ಮಧ್ಯಾಹ್ನ ಹನ್ನೆರಡಕ್ಕೆ ಆಗುವುದಿಲ್ಲ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಕಾರವಾರ ಇರುವುದು 74.1ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಸುಮಾರು 34 ನಿಮಿಷ ತಡ. ಭೂಮಿಯ ನಡೆಯ ಏರುಪೇರನ್ನೂ ಸೇರಿಸಿದರೆ ನವೆಂಬರ್ ಮೊದಲ ವಾರದಲ್ಲಿ 12.17ರ ಸುಮಾರಿಗೆ, ಫೆಬ್ರುವರಿ ನಡುವಿನಲ್ಲಿ 12.48ರ ಸುಮಾರಿಗೆ ಸೂರ್ಯ ನೆತ್ತಿಯ ಗೆರೆ ದಾಟುತ್ತಾನೆ. ಎರಡು, ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೆ ಬೀಳುತ್ತದೆ ಎಂದು ಪುಸ್ತಕಗಳಲ್ಲಿ ಓದಿರುತ್ತೀರಿ. ಆ ಪುಸ್ತಕಗಳು ನಮ್ಮ ಅಕ್ಷಾಂಶದಲ್ಲಿ ಬರೆದವಲ್ಲ. ಮೇ 1ರ ಹೊತ್ತಿಗೆ ಇಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆರಳು ಕಾಲಡಿಗೆ ಸೇರುತ್ತದೆ. ಅಲ್ಲಿಂದ ಆಗಸ್ಟ್ 12ರ ಸುಮಾರಿನವರೆಗೆ ನಡು ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ವೃತ್ತದ ವಿಧಾನ ಆಗಲೂ ತಪ್ಪುವುದಿಲ್ಲ, ಏಕೆಂದರೆ ಅದು ನೆರಳು ಯಾವ ಕಡೆಗೆ ಬಿತ್ತು ಎಂಬುದನ್ನು ಕೇಳುವುದೇ ಇಲ್ಲ.

ದಿಕ್ಸೂಚಿ ಹಿಡಿಯುವ ಕ್ರಮ

ಪಾರದರ್ಶಕ ಪಟ್ಟಿಯ ಮೇಲೆ ತಿರುಗುವ ಡಿಗ್ರಿ ಬಳೆಯಿರುವ ದಿಕ್ಸೂಚಿಯನ್ನೇ ಕೊಳ್ಳಿ. ಕೀಲಿಗೊಂಚಲಿಗೆ ನೇತುಹಾಕುವ ಗುಂಡಿಯಂಥವು ಆಟಕ್ಕೆ ಸಾಕು, ನಡಿಗೆಗೆ ಸಾಲವು. ಪಟ್ಟಿಯ ಮೇಲೆ ಮುಂದಕ್ಕೆ ತೋರುವ ಒಂದು ಬಾಣ, ಬಳೆಯೊಳಗೆ ಉತ್ತರಕ್ಕೆಂದು ಬರೆದ ಇನ್ನೊಂದು ಬಾಣ, ಅದರ ಮೇಲೆ ತೇಲುವ ಸೂಜಿ ಇರುತ್ತವೆ. ಸಾಮಾನ್ಯವಾಗಿ ಸೂಜಿಯ ಕೆಂಪು ತುದಿ ಉತ್ತರದ್ದು.

ಕಾಣುತ್ತಿರುವ ವಸ್ತುವಿನ ದಿಗಂಶ ತೆಗೆಯುವುದು ಹೀಗೆ:

1. ದಿಕ್ಸೂಚಿಯನ್ನು ಎದೆಯ ಮಟ್ಟದಲ್ಲಿ, ಅಂಗೈ ಮೇಲೆ ಮಟ್ಟಸವಾಗಿ ಹಿಡಿಯಿರಿ. ವಾಲಿದರೆ ಸೂಜಿ ತಳಕ್ಕೆ ತಾಗಿ ನಿಂತುಬಿಡುತ್ತದೆ.
2. ಪಟ್ಟಿಯ ಬಾಣ ವಸ್ತುವಿನ ಕಡೆಗೆ ನೆಟ್ಟಿರುವಂತೆ ನಿಮ್ಮ ಇಡೀ ಮೈಯನ್ನು ತಿರುಗಿಸಿ. ಕೈ ಮಾತ್ರ ತಿರುಗಿಸಬೇಡಿ.
3. ಸೂಜಿ ನಡುಗುವುದು ನಿಲ್ಲಲಿ. ಆಮೇಲೆ ಬಳೆ ತಿರುಗಿಸಿ, ಒಳಗಿನ ಬಾಣದ ಮೇಲೆ ಕೆಂಪು ತುದಿ ಸರಿಯಾಗಿ ಕೂರುವಂತೆ ಮಾಡಿ.
4. ಪಟ್ಟಿಯ ಬಾಣದ ಬುಡದಲ್ಲಿ ಬಳೆ ತೋರಿಸುವ ಅಂಕಿಯೇ ದಿಗಂಶ. ಬರೆದುಕೊಳ್ಳಿ. ಮೂರು ಬಾರಿ ತೆಗೆದು ನಡುವಿನದನ್ನು ಇಟ್ಟುಕೊಳ್ಳಿ.

ಅಣ್ಣನ ಮಗಳಿಗೆ ಇದನ್ನು ಕಲಿಸಿದ್ದು ಟ್ಯಾಗೋರ್ ಕಡಲತೀರದಲ್ಲಿ. ದೇವಗಡ ದ್ವೀಪದ ಮೇಲೆ 1864ರಲ್ಲಿ ಕಟ್ಟಿದ ದೀಪಸ್ತಂಭದ ಕಡೆಗೆ ಬಾಣ ಹಿಡಿದು ಅವಳು ನಿಂತಿದ್ದಳು. ಮೊದಲ ಸಲ 281, ಎರಡನೆಯ ಸಲ 279, ಮೂರನೆಯ ಸಲ 302. "ಚಿಕ್ಕಪ್ಪ, ದ್ವೀಪ ಸರಿಯಿತೇ?" ಎಂದು ಕೇಳಿದಳು. ನೋಡಿದರೆ ಮೂರನೆಯ ಸಲ ಎಡಗೈಯಲ್ಲಿದ್ದ ಮೊಬೈಲನ್ನು ದಿಕ್ಸೂಚಿಯ ಅಡಿಗೆ ಆಸರೆಯಾಗಿ ಹಿಡಿದಿದ್ದಳು. ಮೊಬೈಲಿನ ಧ್ವನಿವರ್ಧಕದಲ್ಲಿ ಅಯಸ್ಕಾಂತವಿದೆ, ಅದರ ಚೀಲದ ಮುಚ್ಚಳದಲ್ಲಿಯೂ ಇತ್ತು. ಮೊಬೈಲನ್ನು ಮರಳಿನ ಮೇಲಿಟ್ಟು ನಾಲ್ಕು ಹೆಜ್ಜೆ ಮುಂದೆ ಬಂದ ಮೇಲೆ ಸೂಜಿ ಮತ್ತೆ 280ಕ್ಕೆ ಮರಳಿತು. ಆ ದಿನದ ನಂತರ ಅವಳಿಗೆ ಈ ಮಾತನ್ನು ಎರಡನೆಯ ಬಾರಿ ಹೇಳಬೇಕಾಗಿ ಬಂದಿಲ್ಲ.

ಮನೆಯಲ್ಲೂ ಇದನ್ನು ನೋಡಬಹುದು. ಮರದ ಮಣೆಯ ಮೇಲೆ ದಿಕ್ಸೂಚಿ ಇಟ್ಟು, ಅಡುಗೆಮನೆಯ ಮೆಟ್ಟುಗತ್ತಿಯನ್ನು ಮೆಲ್ಲಗೆ ಹತ್ತಿರ ತನ್ನಿ. ಒಂದು ಗೇಣು ದೂರವಿರುವಾಗಲೇ ಸೂಜಿ ಅಳುಕತೊಡಗುತ್ತದೆ. ಮೋಟಾರು ಬೈಕು, ತಂತಿ ಬೇಲಿ, ವಿದ್ಯುತ್ ಕಂಬ, ಕಬ್ಬಿಣದ ಸರಳು ತುಂಬಿದ ತಾರಸಿ ಇವೆಲ್ಲ ಇದನ್ನೇ ಮಾಡುತ್ತವೆ. ದೋಣಿಯಲ್ಲಿ ಎಂಜಿನ್ನಿನ ಬಳಿ ಓದಿದ ಅಂಕಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೊಬೈಲಿನೊಳಗಿನ ದಿಕ್ಸೂಚಿಗೂ ಇದೇ ಕಾಯಿಲೆ. ಬಳಸುವ ಮೊದಲು ಗಾಳಿಯಲ್ಲಿ ಎಂಟರ ಆಕಾರದಲ್ಲಿ ನಾಲ್ಕಾರು ಸಲ ಬೀಸಿ ಸರಿಪಡಿಸಿಕೊಳ್ಳಬೇಕು.

ನಕಾಶೆಯಿಂದ ನೆಲಕ್ಕೆ

ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಸ್ಥಳಾಕೃತಿ ನಕಾಶೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ನೀವಿರುವ ಜಾಗದಿಂದ ಹೋಗಬೇಕಾದ ಜಾಗಕ್ಕೆ ದಿಕ್ಸೂಚಿಯ ಪಟ್ಟಿಯ ಅಂಚನ್ನು ಜೋಡಿಸಿ. ಪಟ್ಟಿಯ ಬಾಣ ಹೋಗುವ ಕಡೆಗೇ ಇರಲಿ, ತಿರುಗಿ ಹಿಡಿದರೆ ಸರಿಯಾಗಿ 180 ಡಿಗ್ರಿ ತಪ್ಪುತ್ತದೆ. ಈಗ ಸೂಜಿಯನ್ನು ಮರೆತುಬಿಡಿ. ಬಳೆ ತಿರುಗಿಸಿ, ಅದರೊಳಗಿನ ಗೆರೆಗಳು ನಕಾಶೆಯ ಉತ್ತರ ದಕ್ಷಿಣ ಗೆರೆಗಳಿಗೆ ಸಮಾನಾಂತರವಾಗುವಂತೆ ಮಾಡಿ, ಒಳಬಾಣ ನಕಾಶೆಯ ಮೇಲ್ಭಾಗಕ್ಕೆ ಇರಲಿ. ಅಂಕಿ ಓದಿಕೊಳ್ಳಿ. ಆಮೇಲೆ ದಿಕ್ಸೂಚಿಯನ್ನು ಕೈಗೆತ್ತಿಕೊಂಡು, ಸೂಜಿಯ ಕೆಂಪು ತುದಿ ಒಳಬಾಣದ ಮೇಲೆ ಕೂರುವವರೆಗೆ ಮೈ ತಿರುಗಿಸಿ. ಪಟ್ಟಿಯ ಬಾಣ ತೋರಿಸಿದ್ದೇ ದಾರಿ.

ಸೂಜಿ ತೋರುವ ಉತ್ತರ ಮತ್ತು ನಕಾಶೆಯ ಉತ್ತರ ಪೂರ್ತಿ ಒಂದೇ ಅಲ್ಲ. ಈ ವ್ಯತ್ಯಾಸಕ್ಕೆ ದಿಕ್ಪಾತ ಎಂದು ಹೆಸರು. ನಮ್ಮ ಪುಣ್ಯಕ್ಕೆ ಈ ಕರಾವಳಿಯಲ್ಲಿ ಅದು ಒಂದು ಡಿಗ್ರಿಯ ಆಸುಪಾಸಿನಲ್ಲಿದೆ, ಪಶ್ಚಿಮಕ್ಕೆ. ಪಶ್ಚಿಮದ ದಿಕ್ಪಾತವನ್ನು ನಕಾಶೆಯ ಅಂಕಿಗೆ ಕೂಡಿಸಬೇಕು: ನಕಾಶೆಯಲ್ಲಿ 105 ಇದ್ದರೆ ಸೂಜಿಯಲ್ಲಿ 106. ಕೈಯಲ್ಲಿ ಹಿಡಿದ ದಿಕ್ಸೂಚಿಯನ್ನು ಎರಡು ಡಿಗ್ರಿಗಿಂತ ನಿಖರವಾಗಿ ಓದುವುದೇ ಕಷ್ಟವಾದ್ದರಿಂದ, ನಮ್ಮ ಗುಡ್ಡಗಳಲ್ಲಿ ಇದನ್ನು ಬಿಟ್ಟರೂ ನಡೆಯುತ್ತದೆ. ಬೇರೆ ದೇಶಕ್ಕೆ ಹೋದರೆ ಬಿಡುವಂತಿಲ್ಲ. ಕೆಲವೆಡೆ ಅದು ಹದಿನೈದು, ಇಪ್ಪತ್ತು ಡಿಗ್ರಿ ದಾಟುತ್ತದೆ.

ನಾನು ಎಲ್ಲಿದ್ದೇನೆ?

ದಿಗಂಶ ಕಲಿತವರಿಗೆ ಸಿಗುವ ದೊಡ್ಡ ಲಾಭ ಇದು. ಮೊದಲು ಹಿಂದಿಗಂಶ ಎಂದರೇನೆಂದು ತಿಳಿಯಿರಿ. ಕುಮಟಾದಿಂದ ಶಿರಸಿ 065 ಆದರೆ ಶಿರಸಿಯಿಂದ ಕುಮಟಾ 245. ಅಂಕಿ 180ಕ್ಕಿಂತ ಕಡಿಮೆಯಿದ್ದರೆ 180 ಕೂಡಿಸಿ, ಹೆಚ್ಚಿದ್ದರೆ ಕಳೆಯಿರಿ.

ಕಾರವಾರದ ಬೈತಖೋಲ ಗುಡ್ಡದ ಆಚೆಯ ಕಡಲಿನಲ್ಲಿ ದೋಣಿಯಲ್ಲಿದ್ದೀರಿ ಎಂದುಕೊಳ್ಳಿ. ಕಾಳಿ ನದಿಯ ಬಾಯಿಯ ಬಡಗಣ ದಂಡೆಯಲ್ಲಿ ಸದಾಶಿವಗಡದ ಗುಡ್ಡ ಕಾಣುತ್ತದೆ, ಅದರ ದಿಗಂಶ 040 ಬಂತು. ದೇವಗಡದ ದೀಪಸ್ತಂಭ 310 ಬಂತು. ಹಿಂದಿಗಂಶಗಳು 220 ಮತ್ತು 130. ನಕಾಶೆಯ ಮೇಲೆ ಸದಾಶಿವಗಡದಿಂದ 220ಕ್ಕೆ ಒಂದು ಗೆರೆ, ದೀಪಸ್ತಂಭದಿಂದ 130ಕ್ಕೆ ಇನ್ನೊಂದು ಗೆರೆ ಎಳೆಯಿರಿ. ಅವು ಕತ್ತರಿಸುವ ಜಾಗವೇ ನಿಮ್ಮ ದೋಣಿ. ಗುರುತುಗಳ ನಡುವಿನ ಕೋನ 90ರ ಹತ್ತಿರವಿದ್ದಷ್ಟೂ ಉತ್ತರ ಚೊಕ್ಕ. 30ಕ್ಕಿಂತ ಕಡಿಮೆಯಾದರೆ ಗೆರೆಗಳು ಒಂದರ ಮೇಲೊಂದು ಜಾರಿ, ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಸಾಧ್ಯವಾದರೆ ಮೂರನೆಯ ಗುರುತನ್ನೂ ತೆಗೆದುಕೊಳ್ಳಿ. ಮೂರು ಗೆರೆಗಳು ಒಂದು ಸಣ್ಣ ತ್ರಿಕೋನ ಮಾಡುತ್ತವೆ, ಅದರ ಗಾತ್ರವೇ ನಿಮ್ಮ ತಪ್ಪಿನ ಗಾತ್ರ. ಎರಡು ಗುಡ್ಡಗಳನ್ನು ಒಂದರ ಹಿಂದೆ ಒಂದು ಕೂಡಿಸಿ ಮೀನಿನ ಜಾಗ ಹಿಡಿಯುವ ಮೀನುಗಾರರ ಜಾಣ್ಮೆಯೂ ಇದೇ ಗಣಿತ, ಅಂಕಿಯಿಲ್ಲದೆ.

ಘಟ್ಟದ ಕಾಡಿನಲ್ಲಿ ನಡೆಯುವಾಗ

ಶಿರಸಿ, ಸಿದ್ದಾಪುರದ ಕಡೆಯ ಕಾಡಿನಲ್ಲಿ ಕಡಲೂ ಕಾಣುವುದಿಲ್ಲ, ಮಳೆಗಾಲದಲ್ಲಿ ಸೂರ್ಯನೂ ಕಾಣುವುದಿಲ್ಲ. ಹಳ್ಳ ಹಿಡಿದು ಇಳಿದರೆ ಪಡುವಣಕ್ಕೆ ಹೋಗುತ್ತೇವೆ ಎಂಬ ನಂಬಿಕೆಯೊಂದಿದೆ. ಅಘನಾಶಿನಿಯನ್ನೇ ನೋಡಿ: ಶಿರಸಿಯ ಬಳಿ ಹುಟ್ಟಿ ಮೊದಲು ದಕ್ಷಿಣಕ್ಕೆ ಹರಿದು, ಉಂಚಳ್ಳಿಯಲ್ಲಿ ಧುಮುಕಿ, ಆಮೇಲೆ ಪಶ್ಚಿಮಕ್ಕೂ ವಾಯವ್ಯಕ್ಕೂ ಹೊರಳಿ ತದಡಿಯ ಬಳಿ ಕಡಲು ಸೇರುತ್ತದೆ. ಕಣಿವೆಗಳಲ್ಲಿ ಜಲಪಾತಗಳಿರುವುದರಿಂದ ಹಳ್ಳ ಹಿಡಿದು ಇಳಿಯುವುದು ಅಪಾಯವೂ ಹೌದು.

ದಿಗಂಶ ಹಿಡಿದು ನಡೆಯುವಾಗ ಸೂಜಿಯನ್ನೇ ನೋಡುತ್ತ ನಡೆಯಬೇಡಿ. ಬಾಣದ ನೇರದಲ್ಲಿ ಗುರುತಿಗೆ ಸಿಗುವ ಒಂದು ಮರವನ್ನು, ಉದಾಹರಣೆಗೆ ಬೋಳಾದ ಮತ್ತಿ ಮರವನ್ನು, ಆರಿಸಿಕೊಂಡು ಅಲ್ಲಿಗೆ ಹೋಗಿ. ಅಲ್ಲಿ ನಿಂತು ಹಿಂದಿರುಗಿ ನೋಡಿ, ಹೊರಟ ಜಾಗದ ಹಿಂದಿಗಂಶ ಹೊಂದುತ್ತದೆಯೇ ಎಂದು ಪರೀಕ್ಷಿಸಿ ಮುಂದಿನ ಮರ ಹುಡುಕಿ. ಮಂಜು ಕವಿದಿದ್ದರೆ ಜೊತೆಗಾರನನ್ನೇ ಮುಂದೆ ಕಳಿಸಿ, ಕೂಗಿ ಎಡಕ್ಕೆ ಬಲಕ್ಕೆ ಸರಿಸಿ ನಿಲ್ಲಿಸಿ, ನೀವು ಅವನ ಬಳಿಗೆ ಹೋಗಿ. ನಿಧಾನ, ಆದರೆ ತಪ್ಪುವುದಿಲ್ಲ. ಐದು ಡಿಗ್ರಿ ತಪ್ಪಿದರೆ ಐದು ಕಿಲೋಮೀಟರಿನ ಕೊನೆಯಲ್ಲಿ 430 ಮೀಟರಿನಷ್ಟು ಪಕ್ಕಕ್ಕೆ ಬಂದಿರುತ್ತೀರಿ.

ಆ ಕಾರಣಕ್ಕೇ ರಸ್ತೆಯ ಮೇಲಿರುವ ಒಂದು ಮನೆಗೆ ಮರಳಬೇಕಾದಾಗ ನೇರ ಮನೆಗೇ ಗುರಿಯಿಡಬಾರದು. ಬೇಕೆಂದೇ ಹತ್ತು ಡಿಗ್ರಿ ಎಡಕ್ಕೆ ಗುರಿಯಿಡಿ. ರಸ್ತೆ ಸಿಕ್ಕಾಗ ಮನೆ ಬಲಕ್ಕಿದೆ ಎಂಬುದು ಖಚಿತ. ನೇರ ಗುರಿಯಿಟ್ಟು ಮನೆ ತಪ್ಪಿಸಿಕೊಂಡವನಿಗೆ ಎಡಕ್ಕೋ ಬಲಕ್ಕೋ ತಿಳಿಯುವುದಿಲ್ಲ.

ರಾತ್ರಿಯಲ್ಲಿ

ಧ್ರುವನಕ್ಷತ್ರ ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿದೆಯೋ ಅದೇ ಸುಮಾರಾಗಿ ನಿಮ್ಮ ಅಕ್ಷಾಂಶ. ನಮ್ಮಲ್ಲಿ 15 ಡಿಗ್ರಿ. ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಆದ್ದರಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ ಹುಡುಕಿ. ಸಪ್ತರ್ಷಿ ಮಂಡಲದ ಪುಲಹ, ಕ್ರತು ನಕ್ಷತ್ರಗಳನ್ನು ಕೂಡಿಸಿ ಐದು ಪಟ್ಟು ಮುಂದುವರಿಸಿದರೆ ಅದು ಸಿಗುತ್ತದೆ. ಗುಡ್ಡ ಅಡ್ಡವಿದ್ದು ಉತ್ತರ ಕಾಣದಿದ್ದರೆ ಮೇ ತಿಂಗಳ ಮೊದಲರ್ಧದಲ್ಲಿ ರಾತ್ರಿ ಹತ್ತರ ಸುಮಾರಿಗೆ ತ್ರಿಶಂಕುವನ್ನು ನೋಡಿ. ಆ ಶಿಲುಬೆಯಾಕಾರ ನೆಟ್ಟಗೆ ನಿಂತಿರುವಾಗ ಅದರ ಕಾಲ ಕೆಳಗಿನ ಕ್ಷಿತಿಜ ದಕ್ಷಿಣ.

ಗದ್ದೆಯಲ್ಲಿ ಒಂದು ಪರೀಕ್ಷೆ

ಕೊಯ್ಲು ಮುಗಿದ ಗದ್ದೆಯಲ್ಲಿ ಒಂದು ಗೂಟ ನೆಡಿ. ಅಲ್ಲಿಂದ 040ಕ್ಕೆ ನೂರು ಹೆಜ್ಜೆ, ಆಮೇಲೆ 160ಕ್ಕೆ ನೂರು, ಕೊನೆಗೆ 280ಕ್ಕೆ ನೂರು ಹೆಜ್ಜೆ ನಡೆಯಿರಿ. ಪ್ರತಿ ಸಲವೂ 120 ಡಿಗ್ರಿ ತಿರುಗಿದ್ದರಿಂದ ಮೂರನೆಯ ನೂರು ಮುಗಿಯುವಾಗ ಗೂಟದ ಬಳಿಯೇ ಬಂದಿರಬೇಕು. ಗದ್ದೆಯ ಹಾಳಿಯ, ಅಂದರೆ ಬದುವಿನ, ಮೇಲೆ ಹೆಜ್ಜೆ ಗಿಡ್ಡವಾಗುತ್ತದೆ, ಆದ್ದರಿಂದ ಸಮತಟ್ಟಿನಲ್ಲೇ ನಡೆಯಿರಿ. ನಿಂತ ಜಾಗದಿಂದ ಗೂಟಕ್ಕೆ ಎಷ್ಟು ಹೆಜ್ಜೆ ಎಂದು ಎಣಿಸಿ. ಮೊದಲ ದಿನ ಇಪ್ಪತ್ತು ಬಂದರೂ ಆಶ್ಚರ್ಯವಿಲ್ಲ. ಅದು ಐದರೊಳಗೆ ಬರುವವರೆಗೆ ಬೇರೆ ಬೇರೆ ಅಂಕಿಗಳಿಂದ ಹೊರಟು ಮಾಡಿ, ಆಮೇಲೆ ಬೆಟ್ಟ ಹತ್ತಿ.